ಹೋಬಳಿ ಶಾಲೆಯಿಂದ ಶಾಸನದವರೆಗೆ: ವಿದ್ಯಾ ಇಲಾಖೆಯ ಬಿ. ಎಲ್. ರೈಸ್

ಬಿ. ಎಲ್. ರೈಸ್ ಎಂದರೆ ಕನ್ನಡ ಓದುಗರಿಗೆ ಥಟ್ಟನೆ ಹೊಳೆಯುವುದು ಶಾಸನ. ‘ಎಪಿಗ್ರಾಫಿಯಾ ಕರ್ನಾಟಿಕಾ’ದ 12 ಸಂಪುಟಗಳು, ಅವುಗಳಲ್ಲಿರುವ ಸುಮಾರು 9 ಸಾವಿರ ಶಾಸನಗಳು, ‘ಶಾಸನ ಪಿತಾಮಹ’ ಎಂಬ ಗೌರವದ ಹೆಸರು. ಇದೆಲ್ಲ ಸರಿಯೇ. ಆದರೆ ಅವರ ಸೇವಾವಧಿಯ ಲೆಕ್ಕ ಹಾಕಿದರೆ ಬೇರೊಂದು ಚಿತ್ರ ಎದ್ದು ಬರುತ್ತದೆ. ಪುರಾತತ್ವದ ಕೆಲಸಕ್ಕೆ ಅವರು ಪೂರ್ತಿಯಾಗಿ ಇಳಿದದ್ದು 1890ರಲ್ಲಿ, ವಯಸ್ಸು 53 ಆಗಿದ್ದಾಗ. ಅದಕ್ಕೂ ಹಿಂದಿನ 30 ವರ್ಷ ಅವರು ವಿದ್ಯಾ ಇಲಾಖೆಯವರು. ಮೊದಲು ಹೈಸ್ಕೂಲಿನ ಮುಖ್ಯಸ್ಥರು, ಆಮೇಲೆ ಇನ್ಸ್‌ಪೆಕ್ಟರು, ಡೈರೆಕ್ಟರು, ಕೊನೆಗೆ ಸರ್ಕಾರದ ಕಾರ್ಯದರ್ಶಿ. ಹಳೆಯ ಮೈಸೂರು ಸೀಮೆಯ ಶಿಕ್ಷಣದ ಚರಿತ್ರೆಯನ್ನು ನೆನೆಯುವ ಈ ಸಂಚಿಕೆಯಲ್ಲಿ ಆ 30 ವರ್ಷಗಳ ಮಾತು ಬರಲೇಬೇಕು. ಶಾಸನಗಳ ಆ ಮಹತ್ಕಾರ್ಯಕ್ಕೆ ಬೇರು ಇಳಿದದ್ದು ಶಾಲಾ ತನಿಖೆಯ ಸರ್ಕೀಟಿನಲ್ಲಿ ಎಂಬುದು ನನ್ನ ಗಟ್ಟಿ ನಂಬಿಕೆ. ಇಲಾಖೆಯ ಒಬ್ಬ ಅಧಿಕಾರಿಯಾಗಿಯೇ ಅವರನ್ನು ನೋಡಿದರೆ ಇದು ತಾನಾಗಿ ಕಾಣುತ್ತದೆ.

ರೈಸರು ಹುಟ್ಟಿದ್ದು ಬೆಂಗಳೂರಿನಲ್ಲಿ, 1837ರ ಜುಲೈ 17ರಂದು. ತಂದೆ ಬೆಂಜಮಿನ್ ರೈಸ್ ಲಂಡನ್ ಮಿಷನರಿ ಸೊಸೈಟಿಯ ಪಾದ್ರಿ. ಅದೇ ವರ್ಷದ ಆರಂಭದಲ್ಲಷ್ಟೇ ಅವರು ಬೆಂಗಳೂರಿಗೆ ಬಂದಿದ್ದರು. ಕನ್ನಡವನ್ನು ಚೆನ್ನಾಗಿ ಕಲಿತು ಕನ್ನಡದಲ್ಲಿ ಶಾಲಾ ಪುಸ್ತಕಗಳನ್ನು ಬರೆದವರು, ಬೈಬಲ್ಲಿನ ಕನ್ನಡ ಅನುವಾದವನ್ನು ತಿದ್ದುವ ಕೆಲಸದಲ್ಲಿ ಕೈಗೂಡಿಸಿದವರು. ಇಂದು ಅವೆನ್ಯೂ ರಸ್ತೆಯ ಗದ್ದಲದ ನಡುವೆ ನಿಂತಿರುವ ರೈಸ್ ಮೆಮೋರಿಯಲ್ ಚರ್ಚು ಈ ತಂದೆಯ ಹೆಸರಿನದು. ಅನೇಕರು ಅದನ್ನು ಮಗನ ಸ್ಮಾರಕವೆಂದೇ ತಿಳಿದಿದ್ದಾರೆ. ತಾಯಿ 1840ರ ಆಸುಪಾಸಿನಲ್ಲಿ, ಹೆಣ್ಣುಮಕ್ಕಳನ್ನು ಶಾಲೆಗೆ ಕಳಿಸುವ ಯೋಚನೆಯೇ ಊರಿನವರಿಗೆ ಹೊಸದಾಗಿದ್ದ ಕಾಲದಲ್ಲಿ, ಬೆಂಗಳೂರಿನಲ್ಲಿ ಕನ್ನಡ ಹೆಣ್ಣುಮಕ್ಕಳಿಗೆ ಪಾಠ ಶುರುಮಾಡಿದವರಲ್ಲಿ ಒಬ್ಬರು. ತಮ್ಮ ಇ. ಪಿ. ರೈಸ್ ಮುಂದೆ ಇಂಗ್ಲಿಷಿನಲ್ಲಿ ಕನ್ನಡ ಸಾಹಿತ್ಯದ ಚರಿತ್ರೆಯನ್ನು ಬರೆದರು. ಮೇಷ್ಟರ ಮನೆಯೆಂದೇ ಹೇಳಬಹುದಾದ ಮನೆ ಅದು. ಮನೆಯೊಳಗೆ ಇಂಗ್ಲಿಷ್, ಹೊಸ್ತಿಲಾಚೆ ಕನ್ನಡ. ಆ ಹುಡುಗನಿಗೆ ಎರಡೂ ಒಟ್ಟಿಗೇ ದಕ್ಕಿದವು.

ಮೈಸೂರು ಆಗ ಕಮಿಷನರರ ಆಳ್ವಿಕೆಯಲ್ಲಿತ್ತು. 1854ರ ವುಡ್ ಖಲೀತೆಯ ಬೆನ್ನಿಗೆ 1857ರಲ್ಲಿ ಮಾರ್ಕ್ ಕಬ್ಬನ್ನರ ಕಾಲದಲ್ಲಿ ಇಲ್ಲಿ ವಿದ್ಯಾ ಇಲಾಖೆ ಏರ್ಪಟ್ಟಿತು. ಮರುವರ್ಷವೇ ಬೆಂಗಳೂರಿನಲ್ಲಿ ಸರ್ಕಾರಿ ಹೈಸ್ಕೂಲು ಬಂತು. ಅದನ್ನು ಕಟ್ಟಿದವರು ವೆಸ್ಲಿಯನ್ ಮಿಷನ್ನಿನಿಂದ ಬಂದ ಜಾನ್ ಗ್ಯಾರೆಟ್. ಭಗವದ್ಗೀತೆಯನ್ನು ಸಂಸ್ಕೃತ, ಕನ್ನಡ, ಇಂಗ್ಲಿಷ್ ಮೂರರಲ್ಲೂ ಸೇರಿಸಿ ಬೆಂಗಳೂರಿನಲ್ಲಿ ಅಚ್ಚು ಹಾಕಿಸಿದ ಪಾದ್ರಿ ಇವರೇ. ಮುಂದೆ ಇಲಾಖೆಯ ಡೈರೆಕ್ಟರಾದರು. ಈ ಹೈಸ್ಕೂಲೇ 1875ರಲ್ಲಿ ಸೆಂಟ್ರಲ್ ಕಾಲೇಜು ಎಂಬ ಹೆಸರು ಪಡೆಯಿತು, 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಹುಟ್ಟಿದಾಗ ಅದರ ತೆಕ್ಕೆಗೆ ಬಂತು.

ಇಂಗ್ಲೆಂಡಿನಲ್ಲಿ ಓದು ಮುಗಿಸಿ ಬಂದ ರೈಸರು 1860ರಲ್ಲಿ ಈ ಹೈಸ್ಕೂಲಿನ ಮುಖ್ಯಸ್ಥರಾದಾಗ ಇಪ್ಪತ್ತಮೂರರ ಪ್ರಾಯ. ಪಾಠ ಹೇಳುವ ಕೆಲಸದಲ್ಲಿ ಕಳೆದ ಆ ಐದು ವರ್ಷ ದೊಡ್ಡ ಅವಧಿಯಲ್ಲ. ಆದರೂ ಅದರ ಗುರುತು ಕೊನೆಯವರೆಗೂ ಉಳಿಯಿತು. ವಿಷಯವನ್ನು ವಿಂಗಡಿಸಿ, ಪಟ್ಟಿ ಹಾಕಿ, ಓದುವವರಿಗೆ ಕೈಗೆಟುಕುವಂತೆ ಇಡುವ ಅಭ್ಯಾಸ ಅವರ ಪ್ರತಿ ಪುಸ್ತಕದಲ್ಲೂ ಇದೆ. ಗ್ಯಾರೆಟ್ಟರ ಮಗಳನ್ನು ಅವರು ಮದುವೆಯಾದದ್ದು ಇದಾದ ಕೆಲವು ವರ್ಷಗಳ ಮೇಲೆ.

1865ರಲ್ಲಿ ಮೈಸೂರು ಮತ್ತು ಕೊಡಗಿನ ಶಾಲೆಗಳ ಇನ್ಸ್‌ಪೆಕ್ಟರರಾಗಿ ನೇಮಕವಾಯಿತು. ಈ ಹುದ್ದೆಯ ಹರವನ್ನು ಈಗ ಕಲ್ಪಿಸಿಕೊಳ್ಳುವುದೂ ಕಷ್ಟ. ಮದ್ರಾಸಿನ ಕಡೆಯಿಂದ ಬೆಂಗಳೂರಿಗೆ ರೈಲು ಬಂದದ್ದೇ ಹಿಂದಿನ ವರ್ಷ, 1864ರಲ್ಲಿ. ಬೆಂಗಳೂರಿನಾಚೆಗೆ ಕುದುರೆ, ಇಲ್ಲವೇ ಎತ್ತಿನ ಗಾಡಿ. ಕೋಲಾರದ ಬಯಲಿನಿಂದ ಸಾಗರದ ಕಾಡಿನವರೆಗೆ, ಚಿತ್ರದುರ್ಗದ ಕಲ್ಲುಬೆಟ್ಟಗಳಿಂದ ಕೊಡಗಿನ ಕಾಫಿ ತೋಟಗಳವರೆಗೆ ಸುತ್ತಬೇಕು. ಒಂದೊಂದು ಕಸಬೆಯಲ್ಲೂ ಬಿಡಾರ ಹಾಕಬೇಕು, ಹುಡುಗರನ್ನು ಸಾಲಾಗಿ ನಿಲ್ಲಿಸಿ ಓದಿಸಬೇಕು, ಲೆಕ್ಕ ಕೇಳಬೇಕು, ಹಾಜರಿ ಪುಸ್ತಕ ತೆಗೆಸಿ ನೋಡಬೇಕು, ಊರಿನ ಪಟೇಲರು ಶ್ಯಾನುಭೋಗರನ್ನು ಕೂರಿಸಿಕೊಂಡು ಮಾತಾಡಬೇಕು. ಶ್ಯಾನುಭೋಗರ ಪರಿಚಯವಾಯಿತೆಂದರೆ ಊರಿನ ಕಡತ, ಕೈಫಿಯತ್ತು, ಗುಡಿಯ ಮುಂದಿನ ಕಲ್ಲು ಎಲ್ಲವೂ ಪರಿಚಯವಾದಂತೆಯೇ. ಈ ಮಾತಿಗೆ ಮತ್ತೆ ಬರುತ್ತೇನೆ.

ಆ ಹಳ್ಳಿಗಳಲ್ಲಿ ಓದು ಬರಹ ಇರಲಿಲ್ಲವೆಂದಲ್ಲ. ಕೂಲಿಮಠಗಳಿದ್ದವು. ಯಾವುದೋ ಮನೆಯ ಜಗಲಿ, ಗುಡಿಯ ಮಂಟಪ, ಮಠದ ಪಡಸಾಲೆ, ಅಲ್ಲೊಬ್ಬರು ಐಗಳು. ಮಗು ಮೊದಲು ಮರಳಿನ ಮೇಲೆ ಬೆರಳಾಡಿಸಿ ಅಕ್ಷರ ತಿದ್ದುತ್ತಿತ್ತು. ಕೈ ಪಳಗಿದ ಮೇಲೆ ಬಳಪ ಮತ್ತು ಕಡತ. ಈ ಕಡತವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಉದ್ದನೆಯ ಬಟ್ಟೆಗೆ ಹುಣಿಸೆಬೀಜದ ಸರಿಯನ್ನೂ ಇದ್ದಿಲ ಪುಡಿಯನ್ನೂ ಕಲಸಿ ಎರಡೂ ಬದಿ ಬಳಿದು ಒಣಗಿಸಿದರೆ ಗಟ್ಟಿಯಾದ ಕಪ್ಪು ಹಾಳೆ ಸಿದ್ಧ. ಅದನ್ನು ಹಿಂದೆ ಮುಂದೆ ಮಡಿಕೆ ಹಾಕಿದರೆ ಪುಸ್ತಕದ ಆಕಾರ. ಬಳಪದ ಕಲ್ಲಿನ ಕಡ್ಡಿಯಿಂದ ಅದರ ಮೇಲೆ ಬರೆಯಬಹುದು, ಬೇಡವಾದಾಗ ಅಳಿಸಬಹುದು, ಹಳತಾದರೆ ಮತ್ತೆ ಸರಿ ಬಳಿಯಬಹುದು. ವ್ಯಾಪಾರಿಗಳು, ಶ್ಯಾನುಭೋಗರು ಲೆಕ್ಕಪತ್ರವನ್ನು ಇದರಲ್ಲೇ ಇಡುತ್ತಿದ್ದರು. ಸರ್ಕಾರಿ ಕಚೇರಿಯಲ್ಲಿ ನಾವು ಇಂದಿಗೂ ಆಡುವ ‘ಕಡತ ವಿಲೇವಾರಿ’ ಎಂಬ ಮಾತಿನ ಮೂಲ ವಸ್ತು ಇದು. ಅದನ್ನು ಮಾಡುವ ಬಗೆಯನ್ನು ರೈಸರು ತಮ್ಮ ಗೆಜೆಟಿಯರಿನಲ್ಲಿ ವಿವರವಾಗಿ ಬರೆದಿಟ್ಟರು. ಇಂಥ ಸಣ್ಣ ಸಂಗತಿಯನ್ನೂ ಬಿಡದೆ ಬರೆದುಕೊಳ್ಳಬೇಕೆಂದು ಅವರಿಗೆ ತೋರಿತಲ್ಲ, ಅದೇ ನನಗೆ ಮುಖ್ಯ.

ಕೂಲಿಮಠದಲ್ಲಿ ಮಗ್ಗಿ, ಬಾಯಿಲೆಕ್ಕ, ಅಮರಕೋಶ, ಜೈಮಿನಿ ಭಾರತದ ಪದ್ಯಗಳು ನಡೆಯುತ್ತಿದ್ದವು. ಹುಡುಗರು ಗಟ್ಟಿಯಾಗಿ ಬಾಯಿಪಾಠ ಒಪ್ಪಿಸುತ್ತಿದ್ದರು. ಐಗಳಿಗೆ ಸಿಗುತ್ತಿದ್ದುದು ಮಕ್ಕಳ ಮನೆಯವರು ಕೊಟ್ಟ ಕಾಸು, ಕಾಳು, ಹಬ್ಬದ ಕಾಣಿಕೆ. ಇಲಾಖೆ ಹುಟ್ಟಿ ಹತ್ತು ವರ್ಷವಾದರೂ ಸರ್ಕಾರಿ ಶಾಲೆಗಳೆಲ್ಲ ಪೇಟೆ ಕಸಬೆಗಳಲ್ಲೇ ಇದ್ದವು. ಹಳ್ಳಿ ಹಳೆಯ ದಾರಿಯಲ್ಲೇ ನಡೆದಿತ್ತು.

1868ರಲ್ಲಿ, ಡೈರೆಕ್ಟರ ಹೊಣೆಯನ್ನು ನೋಡಿಕೊಳ್ಳುತ್ತಿದ್ದ ರೈಸರು ಹೋಬಳಿ ಶಾಲೆಗಳ ಯೋಜನೆಯನ್ನು ಸರ್ಕಾರದ ಮುಂದಿಟ್ಟರು. ಆಗ ಕಮಿಷನರರಾಗಿದ್ದವರು ಬೌರಿಂಗ್. ಯೋಜನೆಯ ತಿರುಳು ಸರಳ. ತಾಲೂಕಿನ ಒಳಗಿನ ಕಂದಾಯದ ಘಟಕ ಹೋಬಳಿ. ಪ್ರತಿ ಹೋಬಳಿಗೂ ಒಂದು ಕನ್ನಡ ಶಾಲೆ ಇರಬೇಕು. ಶಾಲೆಗೆ ಮನೆಯನ್ನು ಊರವರು ಒದಗಿಸಬೇಕು. ಮೇಷ್ಟರನ್ನು ಎಲ್ಲಿಂದಲೋ ತರುವುದು ಬೇಡ, ಆ ಸೀಮೆಯವರನ್ನೇ ಆರಿಸಿ ನಾರ್ಮಲ್ ಸ್ಕೂಲಿಗೆ ಕಳಿಸಿ ತರಬೇತಿ ಕೊಡಿಸಿ ಮರಳಿ ಅಲ್ಲಿಗೇ ನೇಮಿಸಬೇಕು. ಸಂಬಳ ಸರ್ಕಾರದ್ದು. ಖರ್ಚಿಗೆ ಮುಂದೆ ಭೂಕಂದಾಯದ ಮೇಲೆ ಬಿದ್ದ ಸ್ಥಳೀಯ ಸೆಸ್ಸಿನಲ್ಲಿ ಒಂದು ಪಾಲನ್ನು ಗೊತ್ತುಮಾಡಿದರು. ಹೀಗೆ ರೈತ ಕಟ್ಟಿದ ದುಡ್ಡಿನ ಒಂದು ಭಾಗ ರೈತನ ಮಕ್ಕಳ ಶಾಲೆಗೆ ತಿರುಗಿ ಬಂತು.

ಇಲಾಖೆಯ ಚರಿತ್ರೆಯಲ್ಲಿ ಇದಕ್ಕಿಂತ ವಿವೇಕದ ಯೋಜನೆ ಆ ಶತಮಾನದಲ್ಲಿ ಬಂದಿರಲಿಲ್ಲವೆಂದು ನಾನು ತಿಳಿಯುತ್ತೇನೆ. ಐಗಳನ್ನು ಓಡಿಸಿ ಆ ಜಾಗಕ್ಕೆ ಪರವೂರಿನ ಗುಮಾಸ್ತರನ್ನು ತಂದು ಕೂರಿಸುವುದು ಸುಲಭವಿತ್ತು. ಹಾಗೆ ಮಾಡಿದ್ದರೆ ಊರು ಶಾಲೆಯನ್ನು ಹತ್ತಿರ ಸೇರಿಸುತ್ತಿರಲಿಲ್ಲ. ಹೋಬಳಿ ಶಾಲೆಯ ಮೇಷ್ಟರು ಊರವರಿಗೆ ಗೊತ್ತಿದ್ದವರು, ಅವರ ಮನೆತನ ಗೊತ್ತು, ಅವರ ಮಾತಿಗೆ ಬೆಲೆಯಿತ್ತು. ತರಬೇತಿಗೆ ಹೋಗಿ ಬಂದ ಮೇಲೆ ಭೂಗೋಳದ ನಕ್ಷೆ, ಅಚ್ಚಾದ ವಾಚಕ ಪುಸ್ತಕ, ತರಗತಿ ವಿಂಗಡಣೆ ಎಲ್ಲ ಜತೆಗೆ ಬಂದವು. ಮಗ್ಗಿ, ಬಾಯಿಲೆಕ್ಕಗಳೂ ಉಳಿದವು. ಇಷ್ಟಕ್ಕೂ ಮಿಗಿಲಾಗಿ, ಇಂಗ್ಲಿಷ್ ಕಲಿತ ಕೆಲವರಿಂದ ವಿದ್ಯೆ ತಾನಾಗಿ ಕೆಳಕ್ಕೆ ಇಳಿಯುತ್ತದೆ ಎಂಬ ನಂಬಿಕೆ ಇಡೀ ಹಿಂದೂಸ್ಥಾನದ ಅಧಿಕಾರಿಗಳಲ್ಲಿ ಬಲವಾಗಿದ್ದ ಆ ದಿನಗಳಲ್ಲಿ, ರೈಸರು ಕನ್ನಡ ಶಾಲೆಯನ್ನು ಬುಡದಿಂದ ಕಟ್ಟಲು ಹೊರಟರು. ಅವರ ತಂದೆ ಬರೆದ ಕನ್ನಡ ಪಾಠಗಳು, ತಾಯಿ ಹೇಳಿಕೊಟ್ಟ ಕನ್ನಡ ಪಾಠಗಳು ಈ ಯೋಜನೆಯ ಹಿಂದೆ ಇರಲಿಲ್ಲವೆಂದು ಹೇಳುವುದು ನನ್ನಿಂದಾಗದು.

ಕೊರತೆಗಳಿದ್ದವು, ಅವನ್ನೂ ಹೇಳಬೇಕು. ಸಂಬಳ ಬಹಳ ಕಡಿಮೆ. ಸಂಸಾರಸ್ಥ ಮೇಷ್ಟರಿಗೆ ಅದು ಸಾಲುತ್ತಿರಲಿಲ್ಲ. ಹೆಣ್ಣುಮಕ್ಕಳು ಈ ಶಾಲೆಗಳಿಗೆ ಬಂದದ್ದು ಅಪರೂಪ. ಶಾಲೆ ಊರೊಳಗೆ ಇತ್ತು, ಊರಾಚೆಯ ಕೇರಿಯ ಮಕ್ಕಳಿಗೆ ಅದರ ಬಾಗಿಲು ಬಹುಕಾಲ ತೆರೆಯಲಿಲ್ಲ. ಊರವರೇ ಮನೆ ಕೊಟ್ಟ ಶಾಲೆಯಲ್ಲಿ ಊರವರ ಕಟ್ಟಳೆಯೇ ನಡೆಯಿತು. ಅದನ್ನು ಮುರಿಯುವ ಗಟ್ಟಿತನ ಸರ್ಕಾರಕ್ಕೆ ಬರಲು 20ನೆಯ ಶತಮಾನದ ಎರಡನೆಯ ದಶಕ ಬರಬೇಕಾಯಿತು. ಆಗಲೂ ಕೆಲವು ಊರುಗಳಲ್ಲಿ ದೊಡ್ಡ ವಿರೋಧ ಎದ್ದಿತು. 1868ರ ಯೋಜನೆಯನ್ನು ಎಷ್ಟು ಮೆಚ್ಚಿದರೂ ಈ ನೋವನ್ನು ಬದಿಗಿಟ್ಟು ಮೆಚ್ಚುವಂತಿಲ್ಲ.

ಈ ಕಾಲದಲ್ಲೇ ರೈಸರ ಕೈಯಿಂದ ಶಾಲೆಗೆಂದೇ ಒಂದು ಒಳ್ಳೆಯ ಪುಸ್ತಕ ಬಂತು: 1873ರಲ್ಲಿ ಅಚ್ಚಾದ ಅಮರಕೋಶ, ಕನ್ನಡ ಮತ್ತು ಇಂಗ್ಲಿಷ್ ಅರ್ಥಗಳೊಡನೆ. ಕೂಲಿಮಠದ ಹುಡುಗರು ತಲೆತಲಾಂತರದಿಂದ ಅರ್ಥ ತಿಳಿಯದೆ ಉರು ಹೊಡೆದ ಪುಸ್ತಕವನ್ನೇ ಎತ್ತಿಕೊಂಡು, ಪ್ರತಿ ಪದಕ್ಕೂ ಅರ್ಥ ಕೂಡಿಸಿ ತರಗತಿಗೆ ಕೊಟ್ಟರು. ಹಳೆಯ ಪಾಠಕ್ರಮವನ್ನು ಹೀಗಳೆಯದೆ ಅದರ ಮೇಲೆಯೇ ಹೊಸದನ್ನು ಕಟ್ಟುವ ಬುದ್ಧಿ ಇಲ್ಲೂ ಕಾಣುತ್ತದೆ. ಬಹುಕಾಲ ಬಾಳಿದ ಪುಸ್ತಕ ಅದು.

ಮೈಸೂರು ಮತ್ತು ಕೊಡಗಿನ ಗೆಜೆಟಿಯರನ್ನು ಬರೆಯುವ ಕೆಲಸವೂ ಅವರಿಗೇ ಬಂತು. 1876ರಿಂದ 78ರವರೆಗೆ ಮೂರು ಸಂಪುಟಗಳು ಹೊರಬಂದವು. ಕಂದಾಯದ ದೊಡ್ಡ ಅಧಿಕಾರಿಗಳಿದ್ದೂ ಈ ಕೆಲಸ ವಿದ್ಯಾ ಇಲಾಖೆಯವರ ಪಾಲಾದದ್ದು ಆಶ್ಚರ್ಯವಲ್ಲ. ಎಂಟೂ ಜಿಲ್ಲೆಗಳ ಹಳ್ಳಿ ಹಳ್ಳಿ ಕಂಡವರು, ಬೆಳೆ, ಜಾತ್ರೆ, ಮಳೆ ನಕ್ಷತ್ರ, ಜನರ ಮಾತು ಎಲ್ಲ ಬಲ್ಲವರು ಬೇರೆ ಯಾರಿದ್ದರು? 1897ರಲ್ಲಿ ಅದನ್ನು ಮತ್ತೆ ತಿದ್ದಿ ಎರಡು ಸಂಪುಟಗಳಾಗಿ ತಂದರು. ಮೈಸೂರಿನ ವಿಷಯ ಬರೆಯುವವರು ಇವತ್ತಿಗೂ ಮೊದಲು ಬಿಚ್ಚುವ ಪುಸ್ತಕ ಅದು.

ಗೆಜೆಟಿಯರು ಅಚ್ಚಾಗುತ್ತಿದ್ದ ದಿನಗಳಲ್ಲೇ ಧಾತು ಈಶ್ವರದ ಬರ ಬಂತು. ಹಳೆಯವರ ಬಾಯಲ್ಲಿ ಆ ಸಂವತ್ಸರಗಳ ಹೆಸರೇ ಬಹುಕಾಲ ನಡುಕ ಹುಟ್ಟಿಸುತ್ತಿತ್ತು. 1871ರ ಖಾನೇಷುಮಾರಿಯಲ್ಲಿ ಮೈಸೂರು ಸೀಮೆಯ ಜನಸಂಖ್ಯೆ 50,55,412. 1881ರಲ್ಲಿ 41,86,188. ಹತ್ತು ವರ್ಷದಲ್ಲಿ ಬೆಳೆಯಬೇಕಿದ್ದ ಸೀಮೆ ಎಂಟೂವರೆ ಲಕ್ಷಕ್ಕೂ ಹೆಚ್ಚು ಜನರನ್ನು ಕಳೆದುಕೊಂಡಿತ್ತು. 1881ರ ಖಾನೇಷುಮಾರಿಯ ವರದಿಯನ್ನು ಸಿದ್ಧಮಾಡುವ ಹೊಣೆಯೂ ರೈಸರದೇ. ಹದಿಮೂರು ವರ್ಷದ ಹಿಂದೆ ಹೋಬಳಿಗೊಂದು ಶಾಲೆ ಎಂದು ಲೆಕ್ಕ ಹಾಕಿದ ಕೈಯೇ ಈಗ ಅವೇ ಹೋಬಳಿಗಳಲ್ಲಿ ಎಷ್ಟು ಮಂದಿ ಉಳಿದರೆಂದು ಲೆಕ್ಕ ಹಾಕಬೇಕಾಯಿತು. ಅದೇ ವರ್ಷದ ಮಾರ್ಚಿಯಲ್ಲಿ ರಾಜ್ಯ ಒಡೆಯರ ಮನೆತನಕ್ಕೆ ಮರಳಿತು, ಚಾಮರಾಜೇಂದ್ರ ಒಡೆಯರು ಪಟ್ಟಕ್ಕೆ ಬಂದರು, ರಂಗಾಚಾರ್ಲು ದಿವಾನರಾದರು. ಆಡಳಿತ ಕೈ ಬದಲಾಯಿಸಿದರೂ ರೈಸರು ಇಲ್ಲೇ ಉಳಿದರು.

1882ರಲ್ಲಿ ಭಾರತ ಸರ್ಕಾರ ವಿಲಿಯಂ ಹಂಟರರ ಅಧ್ಯಕ್ಷತೆಯಲ್ಲಿ ಶಿಕ್ಷಣ ಆಯೋಗವನ್ನು ನೇಮಿಸಿತು. ಕಾಶಿನಾಥ ತ್ರಿಂಬಕ ತೆಲಂಗ, ಆನಂದಮೋಹನ ಬೋಸ್ ಮೊದಲಾದವರು ಸದಸ್ಯರಾಗಿದ್ದ ಆ ಆಯೋಗಕ್ಕೆ ಕಾರ್ಯದರ್ಶಿಯಾಗಿ ಆರಿಸಿದ್ದು ಮೈಸೂರಿನ ರೈಸರನ್ನು. ಎಲ್ಲ ಪ್ರಾಂತಗಳ ವರದಿ, ಸಾಕ್ಷ್ಯಗಳ ರಾಶಿಯನ್ನು ಸೋಸಿ ಒಂದು ಹದಕ್ಕೆ ತರುವ ಕೆಲಸ. ಪ್ರಾಥಮಿಕ ಶಿಕ್ಷಣವೇ ಸರ್ಕಾರದ ಮೊದಲ ಕಾಳಜಿಯಾಗಬೇಕು, ಅದು ದೇಶಭಾಷೆಯಲ್ಲಿ ನಡೆಯಬೇಕು, ಅದಕ್ಕೆ ಸ್ಥಳೀಯ ನಿಧಿ ಇರಬೇಕು, ಊರ ಪಾಠಶಾಲೆಗಳನ್ನು ಕೈಹಿಡಿದು ಸುಧಾರಿಸಬೇಕು ಎಂಬವು ಆ ಆಯೋಗದ ಮುಖ್ಯ ಶಿಫಾರಸುಗಳು. ಇವು ಯಾರೊಬ್ಬರ ಶಿಫಾರಸುಗಳೂ ಅಲ್ಲ ನಿಜ. ಆದರೆ ಹದಿನಾಲ್ಕು ವರ್ಷ ಮೊದಲೇ ಮೈಸೂರಿನ ಹೋಬಳಿಗಳಲ್ಲಿ ಇದೇ ಹಾದಿಯನ್ನು ತುಳಿದು ನೋಡಿದವರು ಆಯೋಗದ ಕಾಗದಪತ್ರಗಳ ನಡುವೆ ಕುಳಿತಿದ್ದರೆಂಬುದನ್ನು ನಮ್ಮವರು ನೆನಪಿಡಬೇಕು. ಆಯೋಗದ ಕೆಲಸ ಮುಗಿಸಿ ಬಂದ ಮೇಲೆ 1883ರಲ್ಲಿ ಮೈಸೂರು ಸರ್ಕಾರದ ಕಾರ್ಯದರ್ಶಿಯಾದರು. ಮರುವರ್ಷ ಸಿ. ಐ. ಇ. ಪದವಿ ಬಂತು.

ಇನ್ನು ಶ್ಯಾನುಭೋಗರ ಮಾತು, ಗುಡಿಯ ಮುಂದಿನ ಕಲ್ಲಿನ ಮಾತು.

ಮೇಜರ್ ಡಿಕ್ಸನ್ ಎಂಬ ಸೇನಾಧಿಕಾರಿ 1865ರಲ್ಲಿ, ಅಂದರೆ ರೈಸರು ಇನ್ಸ್‌ಪೆಕ್ಟರಾದ ವರ್ಷವೇ, ಸರ್ಕಾರದ ಆಜ್ಞೆಯಂತೆ ಮೈಸೂರು ಸೀಮೆಯ ಸುಮಾರು 150 ಶಾಸನಗಳ ಫೋಟೋ ತೆಗೆದರು. ಅವನ್ನು ಓದಿ ಇಂಗ್ಲಿಷಿಗೆ ಅನುವಾದಿಸುವ ಕೆಲಸ ಮುಂದೆ ರೈಸರ ಪಾಲಿಗೆ ಬಂತು. ಫೋಟೋದಲ್ಲಿ ಅಕ್ಷರ ಕೆಲವೆಡೆ ಕಾಣುತ್ತಿರಲಿಲ್ಲ. ಕಲ್ಲಿನ ಹತ್ತಿರ ಹೋಗಿ ನೋಡದೆ ಪಾಠ ಖಚಿತವಾಗುತ್ತಿರಲಿಲ್ಲ. ಶಾಲಾ ತನಿಖೆಗೆ ಹೇಗೂ ಆ ಊರುಗಳಿಗೆ ಹೋಗಬೇಕಿತ್ತು. 1879ರಲ್ಲಿ ‘ಮೈಸೂರು ಇನ್‌ಸ್ಕ್ರಿಪ್ಷನ್ಸ್’ ಪ್ರಕಟವಾಯಿತು. ಓಲೆಗರಿಗಳ ಹುಡುಕಾಟವೂ ಜತೆಗೇ ಸಾಗಿತು. ಮೈಸೂರು ಮತ್ತು ಕೊಡಗಿನ ಸಂಸ್ಕೃತ ಹಸ್ತಪ್ರತಿಗಳ ಪಟ್ಟಿ 1884ರಲ್ಲಿ ಅಚ್ಚಾಯಿತು. 1885ರಲ್ಲಿ ಪುರಾತತ್ವಕ್ಕೆಂದು ಇಲಾಖೆ ಏರ್ಪಟ್ಟಾಗ, ಇರುವ ಕೆಲಸದ ಮೇಲೆ ಅದನ್ನೂ ರೈಸರೇ ಹೊತ್ತರು. ಮರುವರ್ಷ ಕೊಡಗಿನ ಶಾಸನಗಳ ಸಂಪುಟ ಬಂತು. 1889ರಲ್ಲಿ ಶ್ರವಣಬೆಳಗೊಳದ 144 ಶಾಸನಗಳ ಸಂಪುಟ. 1890ರಲ್ಲಿ ಪುರಾತತ್ವಕ್ಕೇ ಮೀಸಲಾದ ಮೇಲೆ ಜಿಲ್ಲೆಗೊಂದು, ಕೆಲವು ಜಿಲ್ಲೆಗೆ ಎರಡರಂತೆ ಉಳಿದ ಹತ್ತು ಸಂಪುಟಗಳು ಹದಿನೈದು ವರ್ಷದೊಳಗೆ ಹೊರಬಿದ್ದವು.

ಈ ಸಂಪುಟಗಳ ಜೋಡಣೆಯನ್ನು ಗಮನಿಸಿ. ರಾಜವಂಶದ ಪ್ರಕಾರ ಜೋಡಿಸಬಹುದಿತ್ತು, ಕಾಲಾನುಕ್ರಮದಲ್ಲಿ ಜೋಡಿಸಬಹುದಿತ್ತು. ರೈಸರು ಜೋಡಿಸಿದ್ದು ಜಿಲ್ಲೆ, ತಾಲೂಕು, ಊರು ಎಂದು. ಶಿಕಾರಿಪುರ 102, ಶಿಕಾರಿಪುರ 176 ಎಂದು ಸಂಖ್ಯೆ. ಇದು ಶಾಲೆಗಳ ಪಟ್ಟಿ ಇಟ್ಟ ಇನ್ಸ್‌ಪೆಕ್ಟರರ ಕ್ರಮ. ಇದರ ಫಲವಾಗಿ ಯಾವ ಊರಿನ ಹುಡುಗನೂ ಸಂಪುಟ ತೆರೆದು ತನ್ನ ಊರಿನ ಕಲ್ಲು ಯಾವುದು, ಅದರಲ್ಲೇನಿದೆ ಎಂದು ನೋಡಬಹುದಾಯಿತು. ಕನ್ನಡ ಲಿಪಿಯಲ್ಲಿ ಮೂಲಪಾಠ, ರೋಮನ್ ಲಿಪಿಯಲ್ಲಿ ಅದೇ ಪಾಠ, ಇಂಗ್ಲಿಷ್ ಅನುವಾದ, ಮುಂದೆ ದೀರ್ಘ ಪೀಠಿಕೆ. ಸ್ಥಳೀಯ ಚರಿತ್ರೆ ಬರೆದ ನೂರಾರು ಕನ್ನಡ ಮೇಷ್ಟರುಗಳಿಗೆ ಈ ಜೋಡಣೆಯೇ ದಾರಿ ತೋರಿಸಿತು.

ಅವರಿಗೆ ಸಿಕ್ಕಿದ ಕಲ್ಲುಗಳಲ್ಲಿ ಮೂರನ್ನು ಇಲ್ಲಿ ಹೆಸರಿಸಲೇಬೇಕು, ಮೂರೂ ವಿದ್ಯೆಗೆ ಸಂಬಂಧಪಟ್ಟವು.

1892ರಲ್ಲಿ ಮೊಳಕಾಲ್ಮೂರು ತಾಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿ ಅಶೋಕನ ಶಾಸನಗಳನ್ನು ರೈಸರು ಪತ್ತೆ ಹಚ್ಚಿದರು. ಮೌರ್ಯರ ಆಳ್ವಿಕೆ ಇಷ್ಟು ದಕ್ಷಿಣಕ್ಕೆ ಬಂದಿತ್ತೆಂಬುದು ವಿದ್ವಾಂಸರಿಗೆ ಆಗ ದೊಡ್ಡ ಸುದ್ದಿ. ಆ ಶಾಸನದ ಎರಡನೆಯ ಭಾಗದಲ್ಲಿ ತಂದೆತಾಯಿಯರ ಸೇವೆ, ಪ್ರಾಣಿಗಳ ಮೇಲೆ ದಯೆ, ಸತ್ಯ ನುಡಿಯುವುದು ಇವುಗಳ ಜತೆಗೆ, ಶಿಷ್ಯನು ಆಚಾರ್ಯನನ್ನು ಗೌರವಿಸಬೇಕೆಂಬ ಮಾತೂ ಇದೆ. ಕೊನೆಯಲ್ಲಿ ಬರೆದವನ ಹೆಸರು ಚಪಡ ಎಂದಿದೆ. ಅವನು ತನ್ನ ಕಸುಬನ್ನು ಸೂಚಿಸುವ ಪದವನ್ನು ಮಾತ್ರ ವಾಯವ್ಯ ಭಾರತದ ಖರೋಷ್ಠಿ ಲಿಪಿಯಲ್ಲಿ, ಬಲದಿಂದ ಎಡಕ್ಕೆ ಕೆತ್ತಿದ್ದಾನೆ. ಎಲ್ಲಿಯ ಗಾಂಧಾರ, ಎಲ್ಲಿಯ ಮೊಳಕಾಲ್ಮೂರು! ಹೈಸ್ಕೂಲಿನಲ್ಲಿ ಪಾಠ ಹೇಳಿದವರೊಬ್ಬರ ಕಣ್ಣಿಗೇ ಕನ್ನಡ ನೆಲದಲ್ಲಿ ಗುರುಶಿಷ್ಯರ ಮಾತಾಡುವ ಅಷ್ಟು ಹಳೆಯ ಬರಹ ಬಿದ್ದದ್ದು ನನಗೆ ತುಂಬ ಸಂತೋಷ ಕೊಡುವ ಸಂಗತಿ.

ಎರಡನೆಯದು ತಾಳಗುಂದದ ಕಂಬ. 1894ರಲ್ಲಿ ರೈಸರಿಗೆ ದೊರೆತ ಈ ಸಂಸ್ಕೃತ ಶಾಸನವನ್ನು ರಚಿಸಿದವನು ಕುಬ್ಜನೆಂಬ ಕವಿ. ಕದಂಬ ವಂಶದ ಹುಟ್ಟಿನ ಕಥೆ ಅದರಲ್ಲಿದೆ. ಕಥೆ ಶುರುವಾಗುವುದು ಒಬ್ಬ ವಿದ್ಯಾರ್ಥಿಯಿಂದ. ಮಯೂರಶರ್ಮನು ಗುರು ವೀರಶರ್ಮನೊಡನೆ ಕಂಚಿಯ ಘಟಿಕೆಗೆ ಓದಲು ಹೋಗುತ್ತಾನೆ. ಅಲ್ಲಿ ಪಲ್ಲವರ ಕುದುರೆ ಸವಾರನೊಬ್ಬನೊಡನೆ ಜಗಳವಾಗುತ್ತದೆ. ಅವಮಾನ ನುಂಗಲಾರದೆ ದರ್ಭೆ ಹಿಡಿದ ಕೈಯಲ್ಲಿ ಕತ್ತಿ ಹಿಡಿದು ರಾಜ್ಯವನ್ನೇ ಕಟ್ಟುತ್ತಾನೆ. ಇಂದು ಕರ್ನಾಟಕದ ಶಾಲೆಯ ಸಮಾಜ ಪಾಠದಲ್ಲಿ ಮಯೂರನ ಕಥೆ ಓದದ ಮಗುವಿಲ್ಲ. ಅದು ಪಾಠಪುಸ್ತಕಕ್ಕೆ ಬಂದದ್ದು ಈ ಒಂದು ಕಂಬದಿಂದ.

ಮೂರನೆಯದು ಅಲ್ಲಿಗೆ ಹತ್ತಿರದ ಬಳ್ಳಿಗಾವೆಯದು, 1162ರ ಕೋಡಿಯಮಠದ ಶಾಸನ. ಕೇದಾರೇಶ್ವರ ಗುಡಿಗೆ ಸೇರಿದ ಈ ಮಠದಲ್ಲಿ ಏನೇನು ನಡೆಯುತ್ತಿತ್ತೆಂದು ಶಾಸನ ಒಂದೊಂದಾಗಿ ಹೇಳುತ್ತದೆ. ನಾಲ್ಕು ವೇದಗಳು, ಕೌಮಾರ, ಪಾಣಿನೀಯ, ಶಾಕಟಾಯನ ಮೊದಲಾದ ವ್ಯಾಕರಣಗಳು, ಷಡ್ದರ್ಶನಗಳು, ಪುರಾಣ, ಕಾವ್ಯ, ನಾಟಕ ಎಲ್ಲದರ ಪಾಠ ಅಲ್ಲಿತ್ತು. ಅಷ್ಟಕ್ಕೇ ನಿಲ್ಲದೆ ಬಡವರು, ಕುಂಟರು, ಕುರುಡರು, ಕಿವುಡರಿಗೆ ಅನ್ನ, ರೋಗಿಗಳಿಗೆ ಔಷಧ, ಊರೂರು ಅಲೆಯುವ ಗಾಯಕರು ವಾದಕರಿಗೂ ಊಟ. ವಿದ್ಯೆಯನ್ನೂ ಅನ್ನವನ್ನೂ ಒಂದೇ ಸೂರಿನಡಿ ಇಟ್ಟ ಈ ಏರ್ಪಾಡಿನ ವಿವರವನ್ನು ಜಗತ್ತಿಗೆ ಮೊದಲು ತಿಳಿಸಿದವರು ಹೋಬಳಿ ಶಾಲೆಗಳನ್ನು ಕಟ್ಟಿದ ಇದೇ ಅಧಿಕಾರಿ. ಇಲ್ಲಿ ಶಾಲೆಯೆಂಬುದು ತಾವು ತಂದ ಹೊಸ ವಸ್ತುವೆಂಬ ಹಮ್ಮು ಆ ಕಾಲದ ಎಷ್ಟೋ ಬಿಳಿಯ ಅಧಿಕಾರಿಗಳಿಗಿತ್ತು. ಅದು ಸುಳ್ಳೆಂದು ತೋರಿಸುವ ಕಲ್ಲುಗಳನ್ನು ರೈಸರ ಸಂಪುಟಗಳೇ ಸಾಲಾಗಿ ತಂದು ನಿಲ್ಲಿಸಿದವು.

ಕನ್ನಡದ ಹಳೆಯ ಗ್ರಂಥಗಳೂ ಇದೇ ಹಾದಿಯಲ್ಲಿ ಬೆಳಕಿಗೆ ಬಂದವು. ‘ಬಿಬ್ಲಿಯೋಥಿಕಾ ಕರ್ನಾಟಿಕಾ’ ಎಂಬ ಮಾಲೆಯಲ್ಲಿ ನಾಗವರ್ಮನ ‘ಕರ್ಣಾಟಕ ಭಾಷಾಭೂಷಣ’ 1884ರಲ್ಲಿ, ಭಟ್ಟಾಕಳಂಕನ ‘ಕರ್ಣಾಟಕ ಶಬ್ದಾನುಶಾಸನ’ 1890ರಲ್ಲಿ ಬಂದವು. 1898 ಒಂದೇ ವರ್ಷದಲ್ಲಿ ಪಂಪಭಾರತವೂ, ಕೆ. ಬಿ. ಪಾಠಕರು ಸಂಪಾದಿಸಿದ ‘ಕವಿರಾಜಮಾರ್ಗ’ವೂ ಅಚ್ಚಾದವು. ಅದಕ್ಕೂ ಮೊದಲು ಪಂಪನ ಮಹಾಕಾವ್ಯವನ್ನು ಓದಬೇಕೆಂದರೆ ಓಲೆಗರಿಯ ಕಟ್ಟು ಹುಡುಕಬೇಕಿತ್ತು. ಕಾಲೇಜಿನಲ್ಲಿ ಹಳಗನ್ನಡ ಪಾಠ ಹೇಳುವುದು ಸಾಧ್ಯವಾದದ್ದು ಈ ಅಚ್ಚಿನ ಪುಸ್ತಕಗಳು ಬಂದ ಮೇಲೆ. ಇವುಗಳಲ್ಲಿ ತಪ್ಪು ಪಾಠಗಳಿವೆ. ಮುಂದಿನ ಸಂಪಾದಕರು ಅವನ್ನು ಬೇಕಾದಷ್ಟು ತಿದ್ದಿದ್ದಾರೆ. ಮೊದಲು ಅಚ್ಚು ಹಾಕಿಸಿದವರ ಋಣ ಅದರಿಂದ ಕಡಿಮೆಯಾಗದು.

ಶಾಸನಗಳ ವಿಷಯದಲ್ಲೂ ಅವರಿಗೆ ಎದುರಾಳಿಗಳಿದ್ದರು. ಗಂಗರ ತಾಮ್ರಪಟಗಳಲ್ಲಿ ಹಲವು ಕೂಟಶಾಸನಗಳೆಂದು ಜೆ. ಎಫ್. ಫ್ಲೀಟ್ ಬಲವಾಗಿ ವಾದಿಸಿದರು, ರೈಸರು ಅವುಗಳ ಪರವಾಗಿ ವರ್ಷಗಟ್ಟಲೆ ಬರೆದರು. ಆ ವಾದದ ಒಳಹೊರಗು ಇಲ್ಲಿ ಬೇಡ. ನನಗೆ ಹೆಚ್ಚು ಕಾಡುವ ಸಂಗತಿ ಇನ್ನೊಂದು. ಊರೂರು ತಿರುಗಿ ಕಲ್ಲು ತೊಳೆದು, ಅಕ್ಷರದ ಮೇಲೆ ಕಾಗದ ಒತ್ತಿ, ಮಸಿ ಸವರಿ ಪಡಿಯಚ್ಚು ತೆಗೆದವರು ಇಲಾಖೆಯ ಸಣ್ಣ ಸಂಬಳದ ನೌಕರರು. ಹಳಗನ್ನಡದ ಒಂದೊಂದು ಪದ್ಯಕ್ಕೂ ಅರ್ಥ ಬಿಡಿಸಿ ಹೇಳಿದವರು ಕನ್ನಡ ಪಂಡಿತರು. ಮುಖಪುಟದಲ್ಲಿ ಇರುವುದು ರೈಸರ ಹೆಸರು. ಅವರೆಲ್ಲರ ಕೆಲಸ ಇಲ್ಲದೆ 9 ಸಾವಿರ ಶಾಸನಗಳು ಒಬ್ಬರ ಆಯುಷ್ಯದಲ್ಲಿ ಆಗುವ ಮಾತಲ್ಲ.

ಅಂಥವರಲ್ಲಿ ಹೆಸರಾಗಿ ಉಳಿದವರು ಆರ್. ನರಸಿಂಹಾಚಾರ್ಯರು. ಅವರೂ ಪಾಠ ಹೇಳುವ ಕೆಲಸದಿಂದ ಬಂದವರೇ. 1899ರಲ್ಲಿ ಪುರಾತತ್ವ ಇಲಾಖೆ ಸೇರಿದರು. 1906ರಲ್ಲಿ ರೈಸರು ನಿವೃತ್ತರಾದಾಗ ಇಲಾಖೆ ಅವರ ಕೈಗೆ ಬಂತು. ‘ಕರ್ಣಾಟಕ ಕವಿಚರಿತೆ’ಯ ಮೊದಲ ಸಂಪುಟ ಹೊರಬಂದದ್ದು ಮರುವರ್ಷ. ಶ್ರವಣಬೆಳಗೊಳಕ್ಕೆ ಮತ್ತೆ ಹೋಗಿ, ರೈಸರ 144 ಶಾಸನಗಳ ಜಾಗದಲ್ಲಿ 500 ಶಾಸನಗಳ ಹೊಸ ಸಂಪುಟವನ್ನು 1923ರಲ್ಲಿ ತಂದರು. ರೈಸರು ಆಗ ಇಂಗ್ಲೆಂಡಿನ ಹ್ಯಾರೋದಲ್ಲಿ ಇನ್ನೂ ಬದುಕಿದ್ದರು. ನಿವೃತ್ತಿಯ ಮೇಲೆ 1909ರಲ್ಲಿ, ಅಷ್ಟೂ ಸಂಪುಟಗಳ ಸಾರವನ್ನು ಒಂದೇ ಪುಸ್ತಕದಲ್ಲಿ ಬರೆದು ಪ್ರಕಟಿಸಿದ್ದರು. 1927ರ ಜುಲೈ 10ರಂದು, ತೊಂಬತ್ತು ತುಂಬಲು ಒಂದು ವಾರವಿದ್ದಾಗ, ತೀರಿಕೊಂಡರು.

ಹೋಬಳಿ ಶಾಲೆಗಳ ಕಥೆ ಅಷ್ಟು ಹೊತ್ತಿಗೆ ಬೇರೆ ಘಟ್ಟ ಮುಟ್ಟಿತ್ತು. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, 1913ರಲ್ಲಿ, ಕಡ್ಡಾಯ ಪ್ರಾಥಮಿಕ ಶಿಕ್ಷಣದ ಕಾನೂನು ಬಂತು. ಆರಿಸಿದ ಕೆಲವು ಸ್ಥಳಗಳಲ್ಲಿ ಅದು ಮೊದಲು ಜಾರಿಯಾಯಿತು. ಕಡ್ಡಾಯ ಮಾಡಬೇಕಾದರೆ ಮೊದಲು ಊರಿನಲ್ಲಿ ಶಾಲೆ, ಶಾಲೆಯಲ್ಲಿ ತರಬೇತಿ ಪಡೆದ ಮೇಷ್ಟರು ಇರಬೇಕಲ್ಲ. ಹಳೆಯ ಮೈಸೂರಿನ ಎಷ್ಟೋ ಹೋಬಳಿ ಕೇಂದ್ರಗಳಲ್ಲಿ ಆ ತಳಹದಿಯನ್ನು 1868ರ ಯೋಜನೆ ಹಾಕಿಟ್ಟಿತ್ತು.

ರೈಸರ ಶಾಸನ ಸಂಪುಟಗಳು ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆಯಿಂದ 1972ರ ಹೊತ್ತಿನಿಂದ ಪರಿಷ್ಕರಣಗೊಂಡು, ಹೊಸ ಶಾಸನಗಳನ್ನೂ ಕೂಡಿಸಿಕೊಂಡು ಮರಳಿ ಬರತೊಡಗಿದವು. ಅದೇ ಆಸ್ಥೆಯಿಂದ ಅವರ ಕಾಲದ ವಿದ್ಯಾ ಇಲಾಖೆಯ ವಾರ್ಷಿಕ ವರದಿಗಳನ್ನೂ ಕನ್ನಡಕ್ಕೆ ತಂದು ಪ್ರಕಟಿಸಬೇಕು. ನೂರೈವತ್ತು ವರ್ಷ ದಾಟಿದ ನಮ್ಮ ಸರ್ಕಾರಿ ಶಾಲೆಗಳು ತಮ್ಮ ಹಳೆಯ ದಾಖಲಾತಿ ಪುಸ್ತಕಗಳನ್ನು ಬೀರುವಿನಿಂದ ಹೊರತೆಗೆದು, ಮೊದಲ ಮೇಷ್ಟರು ಯಾರು, ಶಾಲೆಗೆ ಮನೆ ಕೊಟ್ಟವರು ಯಾರು, ಮೊದಲ ವರ್ಷ ಸೇರಿದ ಮಕ್ಕಳು ಯಾರು ಎಂದು ಬರೆದಿಡಬೇಕು. ಗೆದ್ದಲು ಹಿಡಿಯುವ ಮುನ್ನ ಈ ಕೆಲಸ ಆಗಬೇಕು. ತಾಲೂಕು ತಾಲೂಕಿನಲ್ಲೂ ಅದಕ್ಕೆ ಮನಸ್ಸಿರುವ ಮೇಷ್ಟರುಗಳು ಇದ್ದೇ ಇದ್ದಾರೆ. ಇಲಾಖೆ ಅವರಿಗೆ ಸ್ವಲ್ಪ ಬಿಡುವು ಮಾಡಿಕೊಡಲಿ, ಅಚ್ಚಿನ ಖರ್ಚು ಕೊಡಲಿ.